ಹೆದ್ದಾರಿಯ ಆಚೆ ಈಚೆ: ಜೋಹಾನ್ಸ್‌ಬರ್ಗ್ ಒಂದು ಊರೋ, ಹಲವು ಚೂರೋ?

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಎಂ-1 ಹೆದ್ದಾರಿಯ ಪೂರ್ವಕ್ಕೆ ಅಲೆಕ್ಸಾಂಡ್ರಾ ಇದೆ, ಪಶ್ಚಿಮಕ್ಕೆ ಸ್ಯಾಂಡ್‌ಟನ್. ನಡುವೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. 2011ರ ಜನಗಣತಿಯಲ್ಲಿ ಅಲೆಕ್ಸಾಂಡ್ರಾದ ಸುಮಾರು 7 ಚದರ ಕಿಲೋಮೀಟರ್ ಜಾಗದಲ್ಲಿ 1.8 ಲಕ್ಷದಷ್ಟು ಜನ ಇದ್ದರು. ಸ್ಯಾಂಡ್‌ಟನ್‌ನಲ್ಲಿ ಸುಮಾರು 2.2 ಲಕ್ಷ ಜನ. ಅವರಿಗಿದ್ದ ಜಾಗ ಮಾತ್ರ 140 ಚದರ ಕಿಲೋಮೀಟರಿಗೂ ಜಾಸ್ತಿ. ಒಂದು ಕಡೆ ಹಿತ್ತಲಲ್ಲಿ ಎಬ್ಬಿಸಿದ ತಗಡಿನ ಕೋಣೆಗಳು. ಇನ್ನೊಂದು ಕಡೆ ಷೇರುಪೇಟೆ, ಬ್ಯಾಂಕುಗಳ ಕಚೇರಿ, ಈಜುಕೊಳ ಇರುವ ಮನೆಗಳು.

ನಗರ ಚೂರಾಗುತ್ತಿದೆ ಎಂದು ಹೇಳಬೇಕಾದಾಗ ವಿದ್ವಾಂಸರು ಮತ್ತೆ ಮತ್ತೆ ಈ ಜೋಡಿಯ ಹತ್ತಿರ ಬರುತ್ತಾರೆ. ಆಕಾಶದಿಂದ ತೆಗೆದ ಒಂದು ಫೋಟೋ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಫೋಟೋ ನೋಡಿ ಎಲ್ಲರೂ ತಲೆಯಾಡಿಸಿದ ಮೇಲೆ ಜಗಳ ಶುರುವಾಗುತ್ತದೆ. ಊರು ಒಡೆದದ್ದು ಎಲ್ಲಿ? ಯಾವಾಗ? ಅಮೆರಿಕದ ರಾಜಕೀಯ ಶಾಸ್ತ್ರದವರು ಕೊಡುವ ಉತ್ತರವೇ ಬೇರೆ, ಫ್ರಾನ್ಸಿನ ಭೂಗೋಳದವರದ್ದೇ ಬೇರೆ, ಲ್ಯಾಟಿನ್ ಅಮೆರಿಕದವರದ್ದು ಇನ್ನೂ ಬೇರೆ. ಒಡೆಯುವ ಮೊದಲು ಊರನ್ನು ಹಿಡಿದಿಟ್ಟಿದ್ದು ಯಾವುದು ಎಂಬುದರಲ್ಲೇ ಅವರಿಗೆ ಒಮ್ಮತ ಇಲ್ಲ. ಒಬ್ಬರಿಗೆ ತೆರಿಗೆ, ಒಬ್ಬರಿಗೆ ನೀರಿನ ಪೈಪು, ಇನ್ನೊಬ್ಬರಿಗೆ ಬೀದಿ. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾರಿಗೂ ಬೇಡದ ಜಾಗ

ಅಲೆಕ್ಸಾಂಡ್ರಾ ಹುಟ್ಟಿದ್ದು ಒಂದು ಸೈಟು ವ್ಯಾಪಾರ ಕೆಟ್ಟಿದ್ದರಿಂದ. ಹರ್ಬರ್ಟ್ ಪಾಪೆನ್‌ಫಸ್ ಎಂಬಾತ ಇಲ್ಲಿನ ಜಮೀನನ್ನು ಬಿಳಿಯರಿಗೆ ಮಾರಲು ಹೊರಟ. ಹೆಂಡತಿಯ ಹೆಸರನ್ನೇ ಬಡಾವಣೆಗೆ ಇಟ್ಟ. ಪೇಟೆಯಿಂದ ದೂರ ಎಂದು ಗಿರಾಕಿಗಳೇ ಬರಲಿಲ್ಲ. ಕೊನೆಗೆ 1912ರಲ್ಲಿ ಕಪ್ಪು ಜನರಿಗೆ ಮಾರಾಟ ಶುರುವಾಯಿತು. ಮರುವರ್ಷವೇ, ಕಪ್ಪು ಜನ ಮೀಸಲು ಪ್ರದೇಶದ ಹೊರಗೆ ಭೂಮಿ ಕೊಳ್ಳದಂತೆ ತಡೆಯುವ ಕಾಯ್ದೆ ಬಂತು. ಒಂದು ವರ್ಷ ಮುಂಚೆ ಹುಟ್ಟಿದ ಪುಣ್ಯಕ್ಕೆ ಅಲೆಕ್ಸಾಂಡ್ರಾದವರ ಕೈಯಲ್ಲಿ ಸ್ವಂತ ಹಕ್ಕುಪತ್ರ ಉಳಿಯಿತು.

ಹಕ್ಕುಪತ್ರ ಇತ್ತು, ಆದರೆ ಹೇಳೋರು ಕೇಳೋರು ಇರಲಿಲ್ಲ. ಜಾಗ ಜೋಹಾನ್ಸ್‌ಬರ್ಗ್ ನಗರಸಭೆಯ ಗಡಿಯಾಚೆ ಇತ್ತು. ನಗರಸಭೆ ಅದನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ತಯಾರಿರಲಿಲ್ಲ. 1916ರಲ್ಲಿ ಒಂದು ಆರೋಗ್ಯ ಸಮಿತಿ ಮಾಡಿದರು. ಅದರ ಹತ್ತಿರ ದುಡ್ಡಿರಲಿಲ್ಲ. ಬೀದಿದೀಪಗಳೇ ಇಲ್ಲದ್ದಕ್ಕೆ ಜನ ಈ ಊರನ್ನು 'ಡಾರ್ಕ್ ಸಿಟಿ' ಎಂದು ಕರೆದರು. 1963ರಲ್ಲಿ ಸರ್ಕಾರ ಸಂಸಾರಗಳನ್ನೆಲ್ಲ ಎತ್ತಂಗಡಿ ಮಾಡಿ, ಒಂಟಿ ಕೂಲಿಗಳ ಹಾಸ್ಟೆಲ್ ಊರು ಮಾಡಲು ಹೊರಟಿತು. ನಿವಾಸಿಗಳು ಬಿಡಲಿಲ್ಲ. 1979ರಲ್ಲಿ ಆ ಯೋಜನೆ ಕೈಬಿಟ್ಟರು.

ಈ ಕಥೆಯಲ್ಲಿ 1957ರ ಬಸ್ ಬಹಿಷ್ಕಾರವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಆ ಜನವರಿಯಲ್ಲಿ ಅಲೆಕ್ಸಾಂಡ್ರಾದಿಂದ ಪೇಟೆಗೆ ಹೋಗುವ ಬಸ್ಸಿನ ದರ 4 ಪೆನ್ಸ್‌ನಿಂದ 5 ಪೆನ್ಸ್‌ಗೆ ಏರಿತು. ಏರಿದ್ದು ಒಂದೇ ಪೆನ್ನಿ. ಜನ 'ಅಜಿಕ್ವೆಲ್ವಾ' ಎಂದರು, ಅಂದರೆ ಹತ್ತೋದಿಲ್ಲ. ತಿಂಗಳುಗಟ್ಟಲೆ ಕೆಲಸಕ್ಕೆ ನಡೆದೇ ಹೋದರು, ನಡೆದೇ ಬಂದರು. ಅಂಗಡಿ, ಕಾರ್ಖಾನೆಗಳಿಗೆ ಬಿಸಿ ಮುಟ್ಟಿತು. ಕೊನೆಗೆ ವಾಣಿಜ್ಯ ಮಂಡಳಿಯವರು ಆ ಒಂದು ಪೆನ್ನಿಯನ್ನು ತಾವೇ ತುಂಬಿಕೊಡುವ ವ್ಯವಸ್ಥೆ ಮಾಡಿ ಬಹಿಷ್ಕಾರ ಮುಗಿಸಿದರು. ಅದೇ ವರ್ಷ ಕೆಲಸ ಕೊಡುವ ಮಾಲೀಕರ ಮೇಲೆ ಬಸ್ಸಿನ ಖರ್ಚಿಗೆಂದು ಹೆಚ್ಚಿನ ಕರ ಹಾಕುವ ಕಾಯ್ದೆಯೂ ಬಂತು. ಅಲೆಕ್ಸಾಂಡ್ರಾ ನಮ್ಮದಲ್ಲ ಎನ್ನುತ್ತಿದ್ದ ಪೇಟೆ, ಅಲ್ಲಿಂದ ಬರುವವರ ಬಸ್ ಚಾರ್ಜು ಕೊಡಬೇಕಾಯಿತು! ಮುಂದಿನ ಪ್ರತಿಯೊಂದು ವಾದವನ್ನೂ ಈ ಪೆನ್ನಿಯ ಪಕ್ಕ ಇಟ್ಟು ನೋಡುವುದು ಒಳ್ಳೆಯದು ಅನಿಸುತ್ತದೆ.

ಹೆದ್ದಾರಿಯಾಚೆಯ ಸ್ಯಾಂಡ್‌ಟನ್ ಬೆಳೆದದ್ದು ತಡವಾಗಿ. ಉತ್ತರದ ಬಿಳಿಯರ ಬಡಾವಣೆಗಳು ಸೇರಿ 1969ರಲ್ಲಿ ತಮ್ಮದೇ ನಗರಸಭೆ ಮಾಡಿಕೊಂಡವು. ಸ್ಯಾಂಡೌನ್, ಬ್ರಯನ್‌ಸ್ಟನ್ ಎಂಬ ಎರಡು ಬಡಾವಣೆಗಳ ಹೆಸರು ಬೆಸೆದು ಸ್ಯಾಂಡ್‌ಟನ್ ಎಂದಾಯಿತು. 1973ರಲ್ಲಿ ದೊಡ್ಡ ಮಾಲ್ ಬಂತು. ಹಳೇ ಪೇಟೆಯಲ್ಲಿದ್ದ ಕಂಪನಿಗಳು ಒಂದೊಂದಾಗಿ ಉತ್ತರಕ್ಕೆ ಬಂದವು. 2000ದಲ್ಲಿ ಷೇರುಪೇಟೆಯೂ ಬಂತು.

ಗಡಿ ಎಣಿಸುವವರು

ಅಮೆರಿಕದಲ್ಲಿ ಸ್ಥಳೀಯ ಆಡಳಿತವನ್ನು ಓದುವವರಿಗೆ ಒಂದು ಮಹಾನಗರ ಪ್ರದೇಶ ಎಷ್ಟು ನಗರಸಭೆಗಳಾಗಿ ಹಂಚಿಹೋಗಿದೆ ಎಂಬುದೇ ಮುಖ್ಯ ಪ್ರಶ್ನೆ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟಿಬೂ 1956ರಲ್ಲಿ ಇದನ್ನು ಒಳ್ಳೆಯದೆಂದೇ ವಾದಿಸಿದ. ನಗರಸಭೆಗಳು ಹಲವಾದರೆ ಜನ ತಮಗೆ ಬೇಕಾದ ತೆರಿಗೆ, ಬೇಕಾದ ಸೌಲಭ್ಯ ನೋಡಿ ಅಲ್ಲಿಗೆ ಹೋಗಿ ನೆಲೆಸುತ್ತಾರೆ ಎಂಬುದು ಅವನ ಲೆಕ್ಕ. 1961ರಲ್ಲಿ ವಿನ್ಸೆಂಟ್ ಆಸ್ಟ್ರಂ, ಟಿಬೂ, ರಾಬರ್ಟ್ ವಾರೆನ್ ಸೇರಿ, ಒಂದೇ ಕೇಂದ್ರ ಇಲ್ಲದಿದ್ದರೂ ಮಹಾನಗರ ಚೆನ್ನಾಗಿ ನಡೆಯಬಹುದು ಎಂದರು. ಇದಕ್ಕೆ ಎದುರಾಗಿ ಡೇವಿಡ್ ರಸ್ಕ್‌ನಂಥವರು 1990ರ ದಶಕದಲ್ಲಿ, ಉಪನಗರಗಳನ್ನು ಸೇರಿಸಿಕೊಳ್ಳಲಾಗದ ಊರುಗಳು ಸೊರಗುತ್ತವೆ ಎಂದು ತೋರಿಸಹೊರಟರು.

ಟಿಬೂ ಲೆಕ್ಕವನ್ನು ಇಲ್ಲಿ ಹಾಕಿದರೆ ನಗು ಬರುತ್ತದೆ. ಬೇಕಾದಲ್ಲಿ ನೆಲೆಸಲು ಮೊದಲು ಬಿಡಬೇಕಲ್ವಾ? ಯಾವ ಬಣ್ಣದವರು ಎಲ್ಲಿರಬೇಕೆಂದು 1950ರ ಗ್ರೂಪ್ ಏರಿಯಾಸ್ ಕಾಯ್ದೆ ಗೆರೆ ಎಳೆದಿತ್ತು. ಕಪ್ಪು ಜನ ಊರೊಳಗೆ ಓಡಾಡಲು ಪಾಸ್ ಪುಸ್ತಕ ಹಿಡಿದಿರಬೇಕಿತ್ತು. ಆದರೂ ಈ ಪರಂಪರೆಯನ್ನು ತಳ್ಳಿಹಾಕುವ ಹಾಗಿಲ್ಲ. ಯಾರ ತೆರಿಗೆ ಯಾರ ಬೀದಿಗೆ ಹೋಗುತ್ತದೆ ಎಂಬುದನ್ನು ಅವರಷ್ಟು ಪಟ್ಟುಹಿಡಿದು ಕೇಳುವವರು ಕಡಿಮೆ. ಜೋಹಾನ್ಸ್‌ಬರ್ಗ್‌ನ ಹೋರಾಟಗಾರರೂ ಕೇಳಿದ್ದು ಇದನ್ನೇ.

1980ರ ದಶಕದ ಕೊನೆಗೆ, ಊರಂಚಿನ ಕಪ್ಪು ಜನರ ದೊಡ್ಡ ಬಡಾವಣೆಯಾದ ಸೊವೆಟೋದ ಬಾಡಿಗೆ ಬಹಿಷ್ಕಾರದಿಂದ ಒಂದು ಘೋಷಣೆ ಹೊರಬಂತು: ಒಂದು ಊರು, ಒಂದೇ ತೆರಿಗೆ ಬೊಕ್ಕಸ. ವಾದ ಸರಳವಾಗಿತ್ತು. ನಾವು ದುಡಿಯುವುದು ಬಿಳಿಯರ ಊರಲ್ಲಿ. ಸಂಬಳ ಖರ್ಚು ಮಾಡುವುದೂ ಅಲ್ಲಿನ ಅಂಗಡಿಗಳಲ್ಲಿ. ಆ ಅಂಗಡಿ ಕಟ್ಟುವ ತೆರಿಗೆಯಲ್ಲಿ ನಮ್ಮ ಬೆವರೂ ಇದೆ. ಹಾಗಿದ್ದ ಮೇಲೆ ನಮ್ಮ ಚರಂಡಿಗೆ ಅದು ಯಾಕೆ ಬರಬಾರದು?

ಎಪಾರ್ತೈಡ್ ಎಂಬ ವರ್ಣಭೇದದ ಆಳ್ವಿಕೆ ಮುಗಿದ ಮೇಲೆ ಊರನ್ನು ನಾಲ್ಕು ಸ್ಥಳೀಯ ಮಂಡಳಿಗಳಾಗಿ ಹಂಚಿದರು, ಮೇಲೊಂದು ಮಹಾನಗರ ಮಂಡಳಿ ಕೂರಿಸಿದರು. ಪೂರ್ವ ಮಂಡಳಿಯಲ್ಲಿ ಸ್ಯಾಂಡ್‌ಟನ್, ಅಲೆಕ್ಸಾಂಡ್ರಾ ಎರಡೂ ಒಟ್ಟಿಗೆ ಬಂದವು. 1996ರಲ್ಲಿ ಎಲ್ಲ ಕಡೆಗೂ ಒಂದೇ ದರ ಗೊತ್ತು ಮಾಡಿದರು: ಆಸ್ತಿ ಮೌಲ್ಯದ ಪ್ರತಿ ರ‍್ಯಾಂಡ್‌ಗೆ 6.45 ಸೆಂಟ್ (ರ‍್ಯಾಂಡ್ ಅಲ್ಲಿನ ಹಣ, ಅದರ ನೂರನೇ ಒಂದು ಭಾಗ ಸೆಂಟ್). ಸ್ಯಾಂಡ್‌ಟನ್‌ನವರಿಗೆ ಹಳೇ ದರಕ್ಕೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಮೀರಿತ್ತು. ಅವರು ತೆರಿಗೆ ಕಟ್ಟುವುದನ್ನೇ ನಿಲ್ಲಿಸಿದರು. ಬಡವರ ಅಸ್ತ್ರವಾಗಿದ್ದ ಬಹಿಷ್ಕಾರ ಬಂಗಲೆಯವರ ಕೈಗೆ ಬಂದದ್ದು ಹೀಗೆ. ಬಜೆಟ್ ತಕರಾರು ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 1998ರ ತೀರ್ಪು ತಕರಾರು ಮಾಡಿದವರ ಪರ ಬರಲಿಲ್ಲ. 2000ದ ಡಿಸೆಂಬರ್‌ನಲ್ಲಿ ನಾಲ್ಕೂ ಮಂಡಳಿಗಳು ಕರಗಿ ಒಂದೇ ನಗರಪಾಲಿಕೆ ಆಯಿತು.

ಗಡಿ ಎಣಿಸುವವರ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕು. ನಗರಸಭೆ ಒಂದೇ ಆದ ಮೇಲೆ ಚೂರೆಲ್ಲಿ? ಆದರೆ ಎಂ-1ರ ಆಚೆ ಈಚೆ ನೋಡಿದವರು ಯಾರೂ ಊರು ಒಂದಾಯಿತು ಎಂದು ಹೇಳಲಿಲ್ಲ.

ಫ್ರೆಂಚರ ಅನುಮಾನ

ಫ್ರಾನ್ಸಿನ ವಿದ್ವಾಂಸರು ಪ್ರವೇಶಿಸುವುದು ಈ ಹಂತದಲ್ಲಿ. ಅವರಲ್ಲಿ ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡುವ ಅಭ್ಯಾಸವಿದೆ. ಬಡವರು ಒಂದು ಕಡೆ, ಶ್ರೀಮಂತರು ಒಂದು ಕಡೆ ಇದ್ದರೂ ಇಬ್ಬರೂ ಒಂದೇ ಊರಿನವರು ಎಂಬ ಭಾವನೆ, ಒಂದೇ ಆಡಳಿತ, ಒಂದೇ ಲೆಕ್ಕ ಇದ್ದರೆ ಅದು ಒಂದು ಸ್ಥಿತಿ. ಅಲ್ಲಿ ಅಸಮಾನತೆ ಇದೆ, ಆದರೆ ಊರು ಇದೆ. ಇಬ್ಬರೂ ಪರಸ್ಪರ ಸಂಬಂಧವೇ ಇಲ್ಲ ಎನ್ನುವಂತೆ ಬದುಕತೊಡಗಿದರೆ ಅದು ಇನ್ನೊಂದು. ಎರಡನೆಯದನ್ನು ಮಾತ್ರ ಅವರು ಚೂರಾಗುವುದು ಎನ್ನುತ್ತಾರೆ. ಈ ಕಲ್ಪನೆಯ ಹಿಂದೆ ಫ್ರೆಂಚ್ ಗಣರಾಜ್ಯದ ನೆರಳಿದೆ. ಇಡೀ ಸಮಾಜ ಒಂದಾಗಿರಬೇಕು ಎಂಬ ಹಂಬಲ ಇರುವವರಿಗೇ ಅದು ಒಡೆಯುವ ಭಯವೂ ಜಾಸ್ತಿ.

ಫ್ರಾಂಸ್ವಾಸ್ ನವೇ-ಬೂಶನೀನ್ 2002ರಲ್ಲಿ ಸಂಪಾದಿಸಿದ ಲೇಖನ ಸಂಕಲನ ಈ ಕಲ್ಪನೆಯನ್ನೇ ಕಟಕಟೆಗೆ ತಂದಿತು. ಜಾಗ ಒಡೆದಿದ್ದರೆ ಸಮಾಜವೂ ಒಡೆದಿದೆ ಎಂದು ಅಷ್ಟು ಸಲೀಸಾಗಿ ಹೇಳಬಹುದೇ ಎಂಬುದು ಅದರ ಪ್ರಶ್ನೆ. ನಕ್ಷೆಯಲ್ಲಿ ಗೋಡೆ ಕಂಡ ಕೂಡಲೇ ಸಂಬಂಧ ಹರಿದಿದೆ ಎಂದು ಬರೆಯುವುದು ಸೋಮಾರಿತನ. ಕ್ಲೇರ್ ಬೆನಿ 2001ರ ತಮ್ಮ ಪಿಎಚ್‌ಡಿ ಪ್ರಬಂಧಕ್ಕೆ ಜೋಹಾನ್ಸ್‌ಬರ್ಗ್ ಅನ್ನೇ ಆರಿಸಿಕೊಂಡಿದ್ದರು. ಸ್ಥಳೀಯ ಅಧಿಕಾರದ ಮರುಹಂಚಿಕೆ, ಜನರ ಓಡಾಟ, ಊರನ್ನು ಜೋಡಿಸುವ ನೀತಿಗಳು, ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿದರು. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ. ಮನೆ ಎಲ್ಲಿದೆ ಎಂಬ ನಕ್ಷೆಯಲ್ಲಿ ಅಲೆಕ್ಸಾಂಡ್ರಾ ಒಂದು ದ್ವೀಪ. ಹಗಲು ಹೊತ್ತು ಜನ ಎಲ್ಲಿರುತ್ತಾರೆ ಎಂಬ ನಕ್ಷೆ ಬರೆದರೆ ಅದರ ಒಂದು ಭಾಗ ಸ್ಯಾಂಡ್‌ಟನ್‌ನಲ್ಲೇ ಇರುತ್ತದೆ.

ಈ ಕಣ್ಣಿನಿಂದ ನೋಡಿದಾಗ 1996ರ ತೆರಿಗೆ ಬಹಿಷ್ಕಾರ ಬೇರೆಯಾಗೇ ಕಾಣುತ್ತದೆ. ಸ್ಯಾಂಡ್‌ಟನ್‌ನವರ ತಕರಾರು ಬರೀ ದುಡ್ಡಿನದ್ದಲ್ಲ. ಅಲೆಕ್ಸಾಂಡ್ರಾದ, ಸೊವೆಟೋದ ಚರಂಡಿಗೆ ನಾವ್ಯಾಕೆ ಕೊಡಬೇಕು ಎಂಬ ಪ್ರಶ್ನೆಯಲ್ಲೇ ನಾವು ಬೇರೆ ಊರಿನವರು ಎಂಬ ಘೋಷಣೆ ಅಡಗಿತ್ತು. 1957ರ ಪೆನ್ನಿಯೇ ಉತ್ತರ. ಊರಿಗೆ ಕೆಲಸಗಾರರು ಬೇಕಿದ್ದಾಗ ಕೊಡಲು ಒಪ್ಪಿತ್ತು, ಪಾಲುದಾರರಾಗಿ ಬಂದಾಗ ಒಪ್ಪಲಿಲ್ಲ.

ಪೈಪು ಮತ್ತು ರೈಲು

ಬ್ರಿಟನ್ನಿನ ಸ್ಟೀಫನ್ ಗ್ರಹಾಂ ಮತ್ತು ಸೈಮನ್ ಮಾರ್ವಿನ್ 2001ರಲ್ಲಿ ಮಂಡಿಸಿದ ವಾದ ತುಂಬ ಹೆಸರು ಮಾಡಿತು. ಸುಮಾರು 1850ರಿಂದ 1960ರವರೆಗೆ ನೀರು, ವಿದ್ಯುತ್, ರಸ್ತೆ ಎಲ್ಲರಿಗೂ ಒಂದೇ ರೀತಿ ತಲುಪಬೇಕು ಎಂಬ ಆದರ್ಶವಿತ್ತು. ಆಮೇಲೆ ಖಾಸಗೀಕರಣ ಬಂತು, ಜಾಲಗಳು ಸಿಗಿದುಹೋದವು, ದುಡ್ಡಿದ್ದವರ ಜಾಗಗಳಿಗೆ ವಿಶೇಷ ಜಾಲ, ಉಳಿದವರಿಗೆ ಇದ್ದದ್ದು ಎಂದಾಯಿತು. ಊರು ಚೂರಾಗುವುದು ಹೀಗೆ, ಎಂದರು.

ಗೌಟ್ರೇನ್ ನೋಡಿದರೆ ಹೌದಲ್ಲ ಅನಿಸುತ್ತದೆ. ಸ್ಯಾಂಡ್‌ಟನ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಈ ವೇಗದ ರೈಲು 2010ರ ಜೂನ್‌ನಲ್ಲಿ, ಫುಟ್‌ಬಾಲ್ ವಿಶ್ವಕಪ್ ಶುರುವಾಗುವ ಮೂರು ದಿನ ಮುಂಚೆ ಓಡಾಡತೊಡಗಿತು. ಅಲೆಕ್ಸಾಂಡ್ರಾದ ಅಂಚಿನಲ್ಲೇ ಮಾರ್ಲ್‌ಬರೋ ಎಂಬ ನಿಲ್ದಾಣ ಇದೆ. ಆದರೆ ಮನೆಗೆಲಸಕ್ಕೆ ಹೋಗುವವರ ಸಂಬಳಕ್ಕೆ ಹೊಂದುವ ಟಿಕೆಟ್ ಅದಲ್ಲ. ಅವರದ್ದು ಮಿನಿಬಸ್ ಟ್ಯಾಕ್ಸಿ, ಇಲ್ಲವೇ ಕಾಲು.

ಆದರೆ ನೀರಿನ ವಿಷಯಕ್ಕೆ ಬಂದರೆ ವಾದ ಮುಗ್ಗರಿಸುತ್ತದೆ. ಎಲ್ಲರಿಗೂ ಒಂದೇ ಎಂಬ ಆ ಸುವರ್ಣಯುಗ ಅಲೆಕ್ಸಾಂಡ್ರಾಕ್ಕೆ ಯಾವತ್ತು ಬಂದಿತ್ತು? ಬೀದಿದೀಪವೇ ಇರದ ಊರಿನ ಯಾವ ಜಾಲ ಹರಿಯಿತು? ಇಲ್ಲಿ ಚೂರುಗಳೇ ಮೊದಲು ಇದ್ದವು. ಜೋಡಿಸುವ ಪ್ರಯತ್ನ ಆಮೇಲೆ ಬಂತು. 2001ರಿಂದ ಪಾಲಿಕೆಯದ್ದೇ ಆದ ಒಂದು ನೀರಿನ ಕಂಪನಿ ಎರಡೂ ಕಡೆಗೆ ನೀರು ಕೊಡುತ್ತಿದೆ. ಪ್ರತಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ ಎಂಬ ನೀತಿಯೂ ಬಂತು. ಅದು ಸಾಲದು, ಪ್ರೀಪೇಯ್ಡ್ ಮೀಟರ್ ಅನ್ಯಾಯ ಎಂದು ಸೊವೆಟೋದ ಫಿರಿ ಎಂಬ ಕಡೆಯ ಜನ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸಂವಿಧಾನ ನ್ಯಾಯಾಲಯ ಪಾಲಿಕೆಯ ಕಡೆ ನಿಂತಿತು. ಅಂದರೆ ಜಾಲ ಒಂದೇ ಆಗಿದ್ದೂ ನಲ್ಲಿ ಬೇರೆ ಬೇರೆ ಆಗಬಹುದು.

ಈ ಕೊರತೆಯನ್ನು ಎತ್ತಿ ತೋರಿಸಿದವರಲ್ಲೂ ಫ್ರೆಂಚರೇ ಮುಂದು. 2008ರಲ್ಲಿ ಒಲಿವಿಯೆ ಕುತಾರ್ ಮುಂದಾಳತ್ವದಲ್ಲಿ ಒಂದು ಪತ್ರಿಕೆಯ ವಿಶೇಷ ಸಂಚಿಕೆ ಈ ವಾದದ ಮರುಪರೀಕ್ಷೆಗೇ ಮೀಸಲಾಯಿತು. ಸಿಲ್ವಿ ಜಗ್ಲಾಂ ಕೇಪ್‌ಟೌನ್ ಉದಾಹರಣೆ ತೆಗೆದುಕೊಂಡು, ಬೇರೆ ಬೇರೆ ಮಟ್ಟದ ಸೇವೆ ಕೊಟ್ಟ ಮಾತ್ರಕ್ಕೆ ಜಾಲ ಒಡೆಯಿತು ಎನ್ನಲಾಗದು ಎಂಬ ಕಡೆಗೆ ವಾದ ತಿರುಗಿಸಿದರು. ಪ್ಯಾರಿಸ್, ಲಂಡನ್ನಿನ ಚರಿತ್ರೆಯನ್ನು ಎಲ್ಲ ಊರಿನ ಚರಿತ್ರೆ ಎಂದುಕೊಂಡರೆ ಆಗುವುದು ಹೀಗೇ.

ಗೇಟು ಹಾಕಿದ ಬೀದಿ

ಲ್ಯಾಟಿನ್ ಅಮೆರಿಕದ ಓದು ಶುರುವಾಗುವುದು ಗೋಡೆಯಿಂದ. ಬ್ರೆಜಿಲ್‌ನ ಮಿಲ್ಟನ್ ಸಾಂಟೋಸ್ 1990ರಲ್ಲೇ ಸಾವೊ ಪೌಲೋವನ್ನು ಚೂರಾದ ಮಹಾನಗರ ಎಂದು ಕರೆದಿದ್ದ. ತೆರೆಸಾ ಕಾಲ್ಡೇರಾ 2000ದಲ್ಲಿ ಅದೇ ಊರನ್ನು ನೋಡಿ, ಅಪರಾಧದ ಬಗ್ಗೆ ಜನ ದಿನಾ ಆಡುವ ಮಾತೇ ಹೇಗೆ ಗೋಡೆ ಕಟ್ಟಿಸುತ್ತದೆ ಎಂದು ಬಿಡಿಸಿಟ್ಟರು. ಬಡವರು, ಶ್ರೀಮಂತರು ಮೊದಲು ದೂರ ದೂರ ಇರುತ್ತಿದ್ದರು. ಈಗ ಹತ್ತಿರವೇ ಇದ್ದಾರೆ, ನಡುವೆ ಕಾವಲುಗಾರ ಇದ್ದಾನೆ. ಮಿಶಾಯೆಲ್ ಯಾನೋಷ್ಕಾ, ಆಕ್ಸೆಲ್ ಬೋರ್ಸ್‌ಡೋರ್ಫ್ ಎಂಬ ಜರ್ಮನ್ ಭಾಷೆಯ ಭೂಗೋಳಜ್ಞರು ಇಂಥ ಊರುಗಳ ಮಾದರಿ ನಕ್ಷೆಗಳನ್ನೇ ಬರೆದರು. ಜರ್ಮನಿಯ ಫ್ರೆಡ್ ಷೋಲ್ಜ್ ಇನ್ನೂ ಮೇಲೆ ಹೋಗಿ, ಜಾಗತಿಕ ಪೈಪೋಟಿಯೇ ಇಡೀ ಜಗತ್ತನ್ನು ಗೆದ್ದ ಜಾಗ, ಬಿಟ್ಟುಹೋದ ಜಾಗ ಎಂದು ಹೋಳು ಮಾಡುತ್ತದೆ ಎಂದ. ಅಷ್ಟು ಎತ್ತರದಿಂದ ನೋಡಿದರೆ ಎಂ-1 ಕಾಣಿಸುವುದೇ ಇಲ್ಲ. ಅವನನ್ನು ಇಲ್ಲಿಗೆ ಬಿಡೋಣ.

ಕಾಲ್ಡೇರಾ ಹೇಳಿದ್ದನ್ನು ಜೋಹಾನ್ಸ್‌ಬರ್ಗ್‌ನ ಉತ್ತರದ ಬಡಾವಣೆಗಳಲ್ಲಿ ಕಣ್ಣಾರೆ ನೋಡಬಹುದು. ಒಂದು ಬೀದಿಯ ಬಾಯಿಗೆ ಅಡ್ಡಪಟ್ಟಿ. ಪಕ್ಕದಲ್ಲಿ ಕಾವಲುಗಾರನ ಗೂಡು. ಇಲ್ಲಿ ಬೂಮ್ ಗೇಟು ಎನ್ನುತ್ತಾರೆ. ಬೀದಿ ಮಾತ್ರ ಸಾರ್ವಜನಿಕರದ್ದೇ. 1998ರ ಪ್ರಾಂತೀಯ ಕಾಯ್ದೆ ಪ್ರಕಾರ ನಿವಾಸಿಗಳು ಅರ್ಜಿ ಹಾಕಿ, ಭದ್ರತೆಗಾಗಿ ಪಾಲಿಕೆಯಿಂದ ಅನುಮತಿ ಪಡೆಯಬಹುದು. ಬೀದಿ ಸಾರ್ವಜನಿಕವಾದ್ದರಿಂದ ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನುವ ಹಾಗಿಲ್ಲ. ಆದರೆ ಕಾರಲ್ಲಿ ಬಂದವರಿಗೆ ಪಟ್ಟಿ ತಾನಾಗಿ ಮೇಲೇಳುವುದಕ್ಕೂ, ನಡೆದು ಬಂದವರು ಎಲ್ಲಿಗೆ, ಯಾರ ಮನೆಗೆ ಎಂದು ಹೇಳುತ್ತ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ದಕ್ಷಿಣ ಆಫ್ರಿಕಾದ ಮಾನವ ಹಕ್ಕು ಆಯೋಗ 2004ರಲ್ಲಿ ಈ ಬಗ್ಗೆ ವಿಚಾರಣೆ ನಡೆಸಿತು. ಪಾಸ್ ಪುಸ್ತಕ ಹಿಡಿದು ಓಡಾಡಿದ ತಲೆಮಾರು ಇನ್ನೂ ಬದುಕಿರುವ ಊರಲ್ಲಿ ಇದು ಸುಮ್ನೆ ಟ್ರಾಫಿಕ್ ವಿಷಯ ಆಗಲು ಸಾಧ್ಯವಿಲ್ಲ.

ಹಾಗಂತ ಲ್ಯಾಟಿನ್ ಅಮೆರಿಕದವರೆಲ್ಲ ಗೋಡೆ ಕಂಡು ಅತ್ತವರಲ್ಲ. ಚಿಲಿಯ ಫ್ರಾನ್ಸಿಸ್ಕೋ ಸಬತೀನಿ ಉಲ್ಟಾ ಹೇಳಿದರು. ಸ್ಯಾಂಟಿಯಾಗೋದ ಬಡ ಹೊರವಲಯಕ್ಕೆ ಗೇಟು ಹಾಕಿದ ಬಡಾವಣೆಗಳು ಬಂದಾಗ ದೊಡ್ಡ ದೂರ ಕಡಿಮೆಯಾಯಿತು, ಪಕ್ಕದ ಬಡವರಿಗೆ ಕೆಲಸ, ಅಂಗಡಿ, ರಸ್ತೆ ಸಿಕ್ಕಿತು ಎಂಬುದು ಅವರ ವಾದ. ಕೇಳಿದ ಕೂಡಲೇ ಸಿಟ್ಟು ಬರುವ ಮಾತು ಇದು. ಆದರೆ ಅಲೆಕ್ಸಾಂಡ್ರಾದ ಹಿತ್ತಲ ಕೋಣೆಗೂ ಬಾಡಿಗೆದಾರರು ಯಾಕೆ ಮುಗಿಬೀಳುತ್ತಾರೆ? ದೂರದ ದಕ್ಷಿಣದಲ್ಲಿ ಆರೆಂಜ್ ಫಾರ್ಮ್‌ನಂಥ ಕಡೆ ಜಾಗ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಇಲ್ಲಿ ಜಾಗ ಇಲ್ಲ, ಕೆಲಸ ನಡೆದು ಹೋಗುವಷ್ಟು ಹತ್ತಿರ. ಸಬತೀನಿ ಈ ಲೆಕ್ಕವನ್ನು ಸರಿಯಾಗಿ ಹಿಡಿದರು. ಆ ಹತ್ತಿರಕ್ಕೆ ಬಾಡಿಗೆಯ ರೂಪದಲ್ಲಿ, ಇಕ್ಕಟ್ಟಿನ ರೂಪದಲ್ಲಿ ಬೆಲೆ ತೆರುವವರು ಯಾರು ಎಂಬುದು ಅವರ ಲೆಕ್ಕದಲ್ಲಿ ಅಷ್ಟಾಗಿ ಬರಲಿಲ್ಲ.

ಊರಿನವರೇ ಹೇಳುವುದು

ಜೋಹಾನ್ಸ್‌ಬರ್ಗ್ ಅನ್ನು ಹತ್ತಿರದಿಂದ ಓದಿದವರಿಗೆ ಈ ಎಲ್ಲ ಮಾದರಿಗಳ ಮೇಲೂ ಒಂದಿಷ್ಟು ಮುನಿಸು. ಒವೆನ್ ಕ್ರ್ಯಾಂಕ್‌ಶಾ 2008ರಲ್ಲಿ, ಉತ್ತರದ ಬಡಾವಣೆಗಳು ಈಗ ಬರೀ ಬಿಳಿಯರದ್ದಲ್ಲ, ಕಪ್ಪು ಮಧ್ಯಮ ವರ್ಗ ಅಲ್ಲಿಗೆ ಬಂದಿದೆ ಎಂದು ತೋರಿಸಿದರು. ಗೇಟಿನ ಒಳಗಿನವರ ಬಣ್ಣ ಬದಲಾಯಿತು, ಗೇಟು ಉಳಿಯಿತು. 2004ರಲ್ಲಿ ಅಶಿಲ್ ಎಂಬೆಂಬೆ ಮತ್ತು ಸಾರಾ ನಟ್ಟಲ್, ಈ ಊರನ್ನು ಬರೀ ಗಾಯ, ಗೋಡೆ, ಕೊರತೆ ಎಂದು ಓದುವುದನ್ನು ನಿಲ್ಲಿಸಿ ಎಂದರು. ಅದೇ ಹೊತ್ತಿಗೆ ಅಬ್ದುಮಲೀಕ್ ಸಿಮೋನ್, ಪೈಪು ತಂತಿಗಳು ಕೈಕೊಟ್ಟ ಕಡೆ ಜನರ ಒಡನಾಟವೇ ಊರಿನ ಮೂಲಸೌಕರ್ಯ ಆಗುತ್ತದೆ ಎಂದು ಬರೆದರು. ಅವರು ಹೇಳಿದ್ದು ಹಳೇ ಪೇಟೆಯ ವಲಸಿಗರ ಬಗ್ಗೆ. ಅಲೆಕ್ಸಾಂಡ್ರಾದ ಹಿತ್ತಲಿಗೂ ಅದು ಹೊಂದುತ್ತದೆ, ಆದರೆ ಹುಷಾರಾಗಿ ಹೇಳಬೇಕು. 2008ರ ಮೇ ತಿಂಗಳಲ್ಲಿ ವಲಸಿಗರ ಮೇಲಿನ ದಾಳಿಗಳು ಶುರುವಾಗಿದ್ದು ಇದೇ ಅಲೆಕ್ಸಾಂಡ್ರಾದಲ್ಲಿ. ಒಡನಾಟಕ್ಕೆ ಇನ್ನೊಂದು ಮುಖವೂ ಇದೆ.

ಇಷ್ಟನ್ನೂ ಪಕ್ಕಕ್ಕೆ ಇಟ್ಟುಕೊಂಡು ಬೆಳಗಿನ ಹೊತ್ತು ಎಂ-1ರ ಹತ್ತಿರ ಏನಾಗುತ್ತದೆ ನೋಡಿ. ಅಲೆಕ್ಸಾಂಡ್ರಾದಿಂದ ಸ್ಯಾಂಡ್‌ಟನ್‌ಗೆ ದಿನಾ ಸುಮಾರು 10,000 ಜನ ನಡೆದು ಹೋಗುತ್ತಾರೆ ಎಂದು ಅಂದಾಜು. ಸೆಕ್ಯುರಿಟಿಯವರು, ಮನೆಗೆಲಸದವರು, ಮಾಲ್‌ನಲ್ಲಿ ನೆಲ ಒರೆಸುವವರು. ಟ್ಯಾಕ್ಸಿ ಚಾರ್ಜು ಉಳಿದರೆ ಮನೆಗೆ ಏನಾದರೂ ಒಯ್ಯಬಹುದು. ಪಾಲಿಕೆ ಇವರಿಗೆಂದು ಹೆದ್ದಾರಿ ಮೇಲೆ ಸೇತುವೆ ಕಟ್ಟಲು ಹೊರಟಿತು. 2015ರ ಅಕ್ಟೋಬರ್‌ನಲ್ಲಿ ಅದರ ತಾತ್ಕಾಲಿಕ ಕಟ್ಟೋಣ ಹೆದ್ದಾರಿಗೇ ಕುಸಿದು ಇಬ್ಬರು ಸತ್ತರು. ಆಮೇಲೆ ಸೇತುವೆ ಮುಗಿಯಿತು. ಈಗ ಅದರ ಮೇಲೆ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಇದೆ.

ದಿನಾ ಇಷ್ಟು ಜನ ದಾಟುವ ಗೆರೆಯನ್ನು ಒಡಕು ಎನ್ನುವುದು ಕಷ್ಟ. ಎರಡೂ ಕಡೆಗೆ ಒಂದರ ಹಂಗು ಇನ್ನೊಂದಕ್ಕೆ ಇದೆ, ಬಹಳ ಗಟ್ಟಿಯಾಗೇ ಇದೆ. ಆದರೆ ದಾಟುವ ಖರ್ಚು ಒಂದೇ ಕಡೆಯ ಮೇಲೆ ಬೀಳುತ್ತದೆ. ನಡೆಯುವ ಕಾಲು, ಗೇಟಿನಲ್ಲಿ ಕಳೆಯುವ ಹೊತ್ತು, ಹಿತ್ತಲ ಕೋಣೆಯ ಬಾಡಿಗೆ ಎಲ್ಲ ಪೂರ್ವದವರದ್ದೇ. 1957ರಲ್ಲಿ ಪೇಟೆ ಒಂದು ಪೆನ್ನಿ ಕೊಡಬೇಕಾಯಿತು. 1996ರಲ್ಲಿ ಕೊಡುವುದಿಲ್ಲ ಎಂದು ಹಠ ಮಾಡಿತು. ಸೇತುವೆಗೆ ಪಾಲಿಕೆಯ ಬೊಕ್ಕಸದಿಂದ ಕೊಟ್ಟಿತು. ನನ್ನ ಪ್ರಕಾರ ಊರು ಎಷ್ಟು ಒಂದಾಗಿದೆ ಎಂದು ಅಳೆಯಲು ಈ ಖರ್ಚಿನ ಪಟ್ಟಿಗಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ಗಡಿ ಎಣಿಸುವವರ ತೆರಿಗೆ ಲೆಕ್ಕ, ಬೆನಿಯ ಓಡಾಟದ ನಕ್ಷೆ, ಕಾಲ್ಡೇರಾ ತೋರಿಸಿದ ಗೇಟು, ಸಬತೀನಿ ಹೇಳಿದ ಹತ್ತಿರ, ಎಲ್ಲಕ್ಕೂ ಅದರಲ್ಲಿ ಒಂದೊಂದು ಸಾಲು ಸಿಗುತ್ತದೆ.

2001ರಲ್ಲಿ ಅಧ್ಯಕ್ಷ ತಾಬೋ ಎಂಬೆಕಿ ಅಲೆಕ್ಸಾಂಡ್ರಾ ಸುಧಾರಣೆಗೆ ಏಳು ವರ್ಷದ, 130 ಕೋಟಿ ರ‍್ಯಾಂಡ್‌ನ ಯೋಜನೆ ಘೋಷಿಸಿದ್ದರು. 2019ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡ್ರಾದ ಜನ ಊರು ಬಂದ್ ಮಾಡಿ ಬೀದಿಗಿಳಿದರು. ಆ ದುಡ್ಡು ಎಲ್ಲಿ ಹೋಯಿತು, ಅಕ್ರಮ ಕಟ್ಟಡಗಳನ್ನು ಯಾಕೆ ತಡೆಯುತ್ತಿಲ್ಲ, ಮೇಯರ್ ಯಾಕೆ ಬರುತ್ತಿಲ್ಲ ಎಂಬುದು ಅವರ ಪ್ರಶ್ನೆ. ಮೆರವಣಿಗೆ ಹೊರಟಿದ್ದು ಸ್ಯಾಂಡ್‌ಟನ್‌ಗೆ. ಅಲೆಕ್ಸಾಂಡ್ರಾ, ಸ್ಯಾಂಡ್‌ಟನ್ ಎರಡೂ ಪಾಲಿಕೆಯ ಒಂದೇ ವಲಯದಲ್ಲಿವೆ, ಅಲೆಕ್ಸಾಂಡ್ರಾದವರಿಗೂ ವಲಯ ಕಚೇರಿ ಇರುವುದು ಸ್ಯಾಂಡ್‌ಟನ್‌ನಲ್ಲೇ.